ನಿಮಗಿದು ಗೊತ್ತೇ? ಹಾಸಿಗೆ ಹಿಡಿದವರ ಪಿಂಚಣಿ, ನೋಡಿಕೊಳ್ಳುವವರ ಪಾಲು

● ಕಾಯಿಲೆ ಬಿದ್ದವರಿಗೆ ಸರ್ಕಾರ ನೆರವಾಗಬೇಕೆಂದು ನಮ್ಮ ಸಂವಿಧಾನವೇ ಹೇಳಿದೆ. 41ನೇ ವಿಧಿ ತೆರೆದು ನೋಡಿ. ನಿರುದ್ಯೋಗ, ಮುಪ್ಪು, ಅನಾರೋಗ್ಯ, ಅಂಗವೈಕಲ್ಯ ಇವುಗಳಿಗೆ ಸಿಕ್ಕವರಿಗೆ ಸರ್ಕಾರ ತನ್ನ ಶಕ್ತಿಯ ಮಿತಿಯೊಳಗೆ ನೆರವು ಒದಗಿಸಬೇಕು ಎಂದಿದೆ. ನಿರ್ದೇಶಕ ತತ್ವಗಳ ಸಾಲಿನಲ್ಲಿರುವುದರಿಂದ ಇದೊಂದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋಗಲು ಬರುವುದಿಲ್ಲ. ಆದರೆ 1995ರ ಆಗಸ್ಟ್ 15ರಂದು ಶುರುವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ನಿಂತಿರುವುದು ಇದೇ ವಿಧಿಯ ಮೇಲೆ.

● ರೋಗಿಯನ್ನು ನೋಡಿಕೊಳ್ಳುವವರ ಮಾತೂ ಕಾನೂನಿನಲ್ಲಿದೆ ಎಂಬುದು ಗೊತ್ತೇ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಸರ್ಕಾರಗಳು ಮಾಡಬೇಕಾದ ಯೋಜನೆಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಅಂಗವಿಕಲ ಪಿಂಚಣಿಯೂ ಇದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯೂ ಇದೆ. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ಅಂಗವಿಕಲರಿಗೆ ಕೊಡುವ ನೆರವು, ಅಂಥದ್ದೇ ಯೋಜನೆಯಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಈ ಎರಡು ಸಾಲುಗಳನ್ನು ಗ್ರಾಮಸಭೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳುವವರು ಬೇಕಾಗಿದ್ದಾರೆ.

● ಕರ್ನಾಟಕದ 2024–25ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಘೋಷಣೆಯಾಯಿತು. ಹೆಸರಿಸಿದ್ದು ನಾಲ್ಕು ತೊಂದರೆಗಳನ್ನು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್. ದಿನದ ಲೆಕ್ಕಕ್ಕೆ ಸುಮಾರು 33 ರೂಪಾಯಿ. ಮೊತ್ತ ಸಣ್ಣದು ನಿಜ. ಆದರೂ ನೋಡಿಕೊಳ್ಳುವವರು ಎಂಬ ಕಾರಣಕ್ಕೇ ಹಣ ಕೊಡುವುದೆಂದರೆ ನಮ್ಮಲ್ಲಿ ಅದು ದೊಡ್ಡ ಹೆಜ್ಜೆ. ಲಕ್ವ ಹೊಡೆದು ಮಲಗಿದವರ ಮನೆ, ಮರೆವಿನ ಕಾಯಿಲೆಯವರ ಮನೆ ಆ ನಾಲ್ಕರ ಪಟ್ಟಿಯ ಹೊರಗೆ ಉಳಿದದ್ದು ಮಾತ್ರ ನ್ಯಾಯವಲ್ಲ. ವಿಚಾರಿಸಬೇಕಾದ ಜಾಗ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ.

● ಪಕ್ಕದ ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆಯಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ.

● ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಏನು ಹೇಳಿತು ಗೊತ್ತೇ? 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಗಂಡಸರಲ್ಲಿ ಶೇ 21.4. ತೊಡಗಿದ್ದ ಹೆಂಗಸರು ಅದಕ್ಕೆ ದಿನಕ್ಕೆ 140 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 74 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ. ಅಡುಗೆ, ಪಾತ್ರೆ, ಬಟ್ಟೆಯ ಲೆಕ್ಕ ಬೇರೆ.

● ಅಂಗವೈಕಲ್ಯವೆಂದರೆ ಕೈಕಾಲು, ಕಣ್ಣು, ಕಿವಿ ಎಂದುಕೊಂಡು ಎಷ್ಟೋ ಮನೆಯವರು ಅರ್ಜಿಯನ್ನೇ ಹಾಕುವುದಿಲ್ಲ. 1995ರ ಹಳೆಯ ಕಾಯ್ದೆಯಲ್ಲಿದ್ದದ್ದು 7 ವಿಧ. ಈಗ 21. ಪಾರ್ಕಿನ್ಸನ್ಸ್, ಹಿಮೋಫಿಲಿಯಾ, ಥಲಸೇಮಿಯಾ, ಸಿಕಲ್ ಸೆಲ್, ನರಮಂಡಲದ ದೀರ್ಘಕಾಲದ ಕಾಯಿಲೆಗಳು, ಮಾನಸಿಕ ಕಾಯಿಲೆ, ಆಸಿಡ್ ದಾಳಿಯ ಗಾಯ ಎಲ್ಲವೂ ಸೇರಿವೆ. ಹೆಚ್ಚಿನ ಸವಲತ್ತುಗಳಿಗೆ ಶೇ 40ರ ಗೆರೆ ಮುಟ್ಟಬೇಕು.

● ಆ ಶೇಕಡಾವಾರು ಹೇಗೆ ಬರುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ತಿಳಿದುಕೊಳ್ಳಬೇಕು. ಅನೇಕರು ಎಡವುವುದು ಇಲ್ಲಿಯೇ. ನರಕ್ಕೆ ಸಂಬಂಧಿಸಿದ ತೊಂದರೆಯಲ್ಲಿ ಕಾಯಿಲೆಯ ಹೆಸರಿಗೆ ಅಂಕವಿಲ್ಲ. ಆ ಕಾಯಿಲೆಯಿಂದ ದೇಹಕ್ಕೆ ಏನು ಮಾಡಲಾಗುತ್ತಿಲ್ಲ ಎಂಬುದಕ್ಕೆ ಅಂಕ. ಲಕ್ವದಂಥ ತೊಂದರೆಯಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ತಪಾಸಣೆ ಮಾಡುತ್ತಾರೆ, ಅಷ್ಟರಲ್ಲಿ ಎಷ್ಟು ಚೇತರಿಕೆ ಸಾಧ್ಯವೋ ಅದು ಆಗಿರಲಿ ಎಂದು. ಮಾನಸಿಕ ಕಾಯಿಲೆಗೆ ‘ಐಡಿಯಾಸ್’ ಎಂಬ ಅಳತೆಗೋಲಿದೆ. ಭಾರತೀಯ ಮನೋವೈದ್ಯರ ಸಂಘ ರೂಪಿಸಿದ್ದು. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಂದಿಗೆ ಹೊಂದಿಕೊಳ್ಳುವುದು, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕನ್ನು ಅಳೆದು, ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂಬುದನ್ನೂ ಸೇರಿಸುತ್ತಾರೆ. ಇದಕ್ಕೆಲ್ಲ ಉತ್ತರ ಹೇಳಬಲ್ಲವರು ಯಾರು? ದಿನವೂ ಜೊತೆಗಿರುವವರು.

ಅಂಗವೈಕಲ್ಯ ತಪಾಸಣೆಯ ಶಿಬಿರದ ದಿನ ನಡೆಯುವುದನ್ನು ನೋಡಿದವರಿಗೆ ಗೊತ್ತು. ಗಂಡನಿಗೆ ಒಗೆದ ಅಂಗಿ ತೊಡಿಸಿ, ತಲೆ ಬಾಚಿ, ಆಟೋದಲ್ಲಿ ಕೂರಿಸಿಕೊಂಡು ಹೆಂಡತಿ ಕರೆತಂದಿರುತ್ತಾಳೆ. ಡಾಕ್ಟರು “ಹೇಗಿದ್ದೀರಿ?” ಎಂದರೆ ಆತ ಅಭ್ಯಾಸಬಲದಿಂದ “ಚೆನ್ನಾಗಿದ್ದೀನಿ ಸಾರ್” ಎನ್ನುತ್ತಾನೆ. “ನಡೀತೀರಾ?” ಎಂದರೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿ ತೋರಿಸುತ್ತಾನೆ. ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುವುದು, ತುತ್ತು ಕಲಸಿ ಬಾಯಿಗಿಡುವುದು, ಬಚ್ಚಲಿಗೆ ಹೆಗಲು ಕೊಟ್ಟು ಕರೆದೊಯ್ಯುವುದು ಯಾವುದೂ ಆ ಕೋಣೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ: ಏನೇನು ಸ್ವಂತವಾಗಿ ಮಾಡಲಾಗುತ್ತದೆ, ಏನಕ್ಕೆ ಇನ್ನೊಬ್ಬರ ಕೈ ಬೇಕು, ಬಿದ್ದದ್ದು ಯಾವಾಗ, ಕಷ್ಟದ ದಿನ ಹೇಗಿರುತ್ತದೆ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿಯ ಜೊತೆ ಆ ಹಾಳೆಯನ್ನೂ ಕೈಯಲ್ಲಿಟ್ಟುಕೊಂಡು ಡಾಕ್ಟರಿಗೆ ನೀವೇ ಹೇಳಿ. ಸಂಕೋಚಪಟ್ಟು ಕಡಿಮೆ ಹೇಳಿದರೆ ನಷ್ಟವಾಗುವುದು ಕಾಯಿಲೆಯವರಿಗೆ.

● ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನ ಬಣ್ಣಕ್ಕೂ ಅರ್ಥವಿದೆ. ಬಿಳಿಯೆಂದರೆ ಶೇ 40ಕ್ಕಿಂತ ಕಡಿಮೆ, ಹಳದಿಯೆಂದರೆ ಶೇ 40ರಿಂದ 80ರೊಳಗೆ, ನೀಲಿಯೆಂದರೆ ಶೇ 80 ಮತ್ತು ಮೇಲೆ. 2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲೇ ಕೊಡುವುದು ಕಡ್ಡಾಯ.

● ಕೊಟ್ಟ ಶೇಕಡಾವಾರು ಸರಿಯಿಲ್ಲ ಎನಿಸಿತೇ? 2016ರ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು. “ಡಾಕ್ಟರು ಬರೆದಾಯಿತಲ್ಲ, ಇನ್ನೇನು” ಎಂದು ಕೈಚೆಲ್ಲಬೇಡಿ.

● ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಊರಲ್ಲಿ ಅವರನ್ನು ‘ವಿಆರ್‌ಡಬ್ಲ್ಯು’ ಎಂದೇ ಕರೆಯುತ್ತಾರೆ. ಅವರ ಮೇಲೆ ತಾಲ್ಲೂಕಿಗೊಬ್ಬರು ‘ಎಂಆರ್‌ಡಬ್ಲ್ಯು’. ಈ ಕೆಲಸಕ್ಕೆ ವಿಕಲಚೇತನರನ್ನೇ ತೆಗೆದುಕೊಳ್ಳುವ ಪದ್ಧತಿಯಿದೆ. ಕಾರ್ಡಿಗೆ, ಪಿಂಚಣಿಗೆ, ಗಾಲಿಕುರ್ಚಿಗೆ ಅರ್ಜಿ ಬರೆಸುವುದು ಅವರ ಕೆಲಸವೇ. ದಲ್ಲಾಳಿಗೆ ದುಡ್ಡು ಕೊಡುವ ಮೊದಲು ಪಂಚಾಯಿತಿಗೆ ಹೋಗಿ ಅವರ ಫೋನ್ ನಂಬರ್ ಕೇಳಿ.

● ಪಂಚಾಯಿತಿಯಲ್ಲಿ ಕೇಳಬೇಕಾದ ಇನ್ನೊಂದು ಸಂಗತಿಯಿದೆ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಈ ವರ್ಷ ಅದು ಎಷ್ಟಿತ್ತು, ಯಾವುದಕ್ಕೆ ಹೋಯಿತು ಎಂದು ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಕೇಳಬಹುದು.

● ರಾಜ್ಯದ ಮಾಸಿಕ ಅಂಗವಿಕಲ ಪಿಂಚಣಿ ತೊಂದರೆಯ ಬಗೆ ಮತ್ತು ಪ್ರಮಾಣ ನೋಡಿ 800 ರೂಪಾಯಿಯಿಂದ 2,000 ರೂಪಾಯಿವರೆಗೆ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ, ಮಂಜೂರು ಮಾಡುವುದು ತಹಶೀಲ್ದಾರರು. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು ಎಂಬ ಮಿತಿಯಿದೆ. ಅಂದರೆ ತಿಂಗಳಿಗೆ 2,700ಕ್ಕೂ ಕಡಿಮೆ. ಒಬ್ಬರು ಕಾಯಿಲೆ ಬಿದ್ದು ಇನ್ನೊಬ್ಬರು ಕೂಲಿ ಬಿಟ್ಟು ಕೂತ ಮನೆಗೆ ಮಾತ್ರೆಗೇ ಅದಕ್ಕಿಂತ ಹೆಚ್ಚು ಬೇಕು. ಈ ಮಿತಿ ಏರಲೇಬೇಕು.

● ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ ಶುರುವಾದದ್ದು 2009ರಲ್ಲಿ. ಬಡತನ ರೇಖೆಯ ಕೆಳಗಿರಬೇಕು, ಅಂಗವೈಕಲ್ಯ ಶೇ 80 ಇರಬೇಕು. ಕೇಂದ್ರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ. 2012ರಲ್ಲಿ ಗೊತ್ತುಪಡಿಸಿದ್ದು, ಬೆಲೆಗಳೆಲ್ಲ ಏರಿದರೂ ಅದು ಅಲ್ಲೇ ನಿಂತಿದೆ.

● “ಪಿಂಚಣಿ ಮಂಜೂರಾಗಿದೆ, ದುಡ್ಡು ಮಾತ್ರ ಬರಲಿಲ್ಲ” ಎನ್ನುವವರು ಮೊದಲು ನೋಡಬೇಕಾದ್ದು ಯಾವುದನ್ನು ಗೊತ್ತೇ? ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಕೊನೆಗೆ ಜೋಡಿಸಿದ ಖಾತೆಗೆ. ಸಾಲಕ್ಕೆಂದೋ, ಗ್ಯಾಸ್ ಸಬ್ಸಿಡಿಗೆಂದೋ, ಸ್ವಸಹಾಯ ಸಂಘಕ್ಕೆಂದೋ ಎಂದೋ ತೆರೆದು ಮರೆತ ಪಾಸ್‌ಬುಕ್ಕಿನಲ್ಲಿ ತಿಂಗಳುಗಟ್ಟಲೆ ಪಿಂಚಣಿ ಬಿದ್ದಿರುತ್ತದೆ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಬ್ಯಾಂಕಿಗೆ, ಯಾವ ದಿನ ಹೋಗಿದೆ ಎಂಬುದು ಕಾಣುತ್ತದೆ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹಿಂದೆಮುಂದೆ ಆಗಿದ್ದರೆ ಅದನ್ನೂ ಮೊದಲೇ ಸರಿಮಾಡಿಸಿ. ಬೆರಳ ಗುರುತು ಸವೆದುಹೋದವರಿಗೆ, ಬೆರಳೇ ಇಲ್ಲದವರಿಗೆ ಆಧಾರ್ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಕಣ್ಣಿನ ಗುರುತಿನಿಂದ ಮಾಡಬಹುದು, ಎರಡೂ ಆಗದವರಿಗೆ ವಿನಾಯಿತಿಯ ನೋಂದಣಿಯಿದೆ.

● ಅರ್ಜಿ ಕೊಟ್ಟು ಬರುವಾಗ ಕೈಯಲ್ಲಿ ಸಕಾಲದ ಸ್ವೀಕೃತಿ ಚೀಟಿ ಇರಲೇಬೇಕು. ಅದರ ಮೇಲೆ 15 ಅಂಕಿಗಳ ಸಂಖ್ಯೆಯಿರುತ್ತದೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಂತೆ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ಐನೂರಕ್ಕಿಂತ ಮುಖ್ಯವಾದದ್ದು, ಸಂಖ್ಯೆಯಿರುವ ಅರ್ಜಿಯನ್ನು “ಬಂದೇ ಇಲ್ಲ” ಎಂದು ಹೇಳಲಾಗುವುದಿಲ್ಲ.

● ಈಗ ಸಂಬಳದ ಕೆಲಸದವರ ಮಾತು. 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದ ಇಎಸ್‌ಐ ಯೋಜನೆಯನ್ನು ನಾವು ಆಸ್ಪತ್ರೆ, ಮಾತ್ರೆ ಎಂದಷ್ಟೇ ತಿಳಿದಿದ್ದೇವೆ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಅದು ಕೈಗೆ ಹಣವನ್ನೂ ಕೊಡುತ್ತದೆ: ಸರಾಸರಿ ದಿನಗೂಲಿಯ ಶೇ 70, ವರ್ಷಕ್ಕೆ 91 ದಿನದವರೆಗೆ. ದಿನಕ್ಕೆ 500 ರೂಪಾಯಿ ದುಡಿಯುವ ಗಾರ್ಮೆಂಟ್ಸ್ ಕೆಲಸದಾಕೆಗೆ ದಿನಕ್ಕೆ 350 ಸಿಗುತ್ತದೆ. 91 ದಿನಕ್ಕೆ 31,850 ರೂಪಾಯಿ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣವಿಲ್ಲ.

ಕಾಯಿಲೆ ದೊಡ್ಡದಾದರೆ ಇನ್ನೊಂದು ಬಾಗಿಲಿದೆ. ಕ್ಷಯ, ಕುಷ್ಠ, ಕ್ಯಾನ್ಸರ್, ಪಾರ್ಶ್ವವಾಯು, ಪಾರ್ಕಿನ್ಸನ್ಸ್ ಸೇರಿ 34 ದೀರ್ಘಕಾಲದ ಕಾಯಿಲೆಗಳಿಗೆ ಕೂಲಿಯ ಶೇ 80ರಷ್ಟನ್ನು ಎರಡು ವರ್ಷದವರೆಗೂ ಕೊಡಬಹುದು. ಇದಕ್ಕೆ ಎರಡು ವರ್ಷ ವಿಮೆಯಲ್ಲಿರಬೇಕು, ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಇರಬೇಕು. ಕೆಲಸದ ಜಾಗದಲ್ಲೇ ಪೆಟ್ಟಾಗಿ ಮಲಗಿದರೆ ಈ ಯಾವ ಷರತ್ತೂ ಇಲ್ಲ. ಮೊದಲ ದಿನದಿಂದಲೇ ಶೇ 90. ಆದರೆ ತಾಯಿಗೋ ಗಂಡನಿಗೋ ಕಾಯಿಲೆಯಾಗಿ ನೋಡಿಕೊಳ್ಳಲು ರಜೆ ಹಾಕಿದ ದಿನಗಳಿಗೆ ಇಎಸ್‌ಐನಲ್ಲಿ ಬಿಡಿಗಾಸೂ ಇಲ್ಲ. ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದು.

● ಕ್ಷಯಕ್ಕೆ ಔಷಧ ಉಚಿತವೆಂಬುದು ಎಲ್ಲರಿಗೂ ಗೊತ್ತು. ಪೌಷ್ಟಿಕ ಆಹಾರಕ್ಕೆಂದು ಹಣವೂ ಬರುತ್ತದೆ ಎಂಬುದು ಗೊತ್ತೇ? ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್ 1ರಿಂದ 1,000. ಖಾಸಗಿ ಡಾಕ್ಟರ ಬಳಿ ಔಷಧ ತೆಗೆದುಕೊಳ್ಳುವವರಿಗೂ ಸಿಗುತ್ತದೆ, ಅವರ ಹೆಸರು ನಿಕ್ಷಯ್ ಪೋರ್ಟಲ್‌ನಲ್ಲಿ ದಾಖಲಾಗಿರಬೇಕು ಅಷ್ಟೆ.

● ಕಟ್ಟಡ ಕಾರ್ಮಿಕರಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಕಾರ್ಡ್ ಸಿಗುತ್ತದೆ. ಆ ಕಾರ್ಡಿದ್ದವರು ದುರ್ಬಲರಾದರೆ ಕಲ್ಯಾಣ ಮಂಡಳಿಯಿಂದ ತಿಂಗಳಿಗೆ 2,000 ರೂಪಾಯಿ ಪಿಂಚಣಿಗೆ ಅರ್ಜಿ ಹಾಕಬಹುದು. ಕಾರ್ಡನ್ನು ನವೀಕರಿಸದೆ ಬಿಟ್ಟವರಿಗೆ ಈ ದಾರಿ ಮುಚ್ಚಿಹೋಗುತ್ತದೆ.

● ಪಿಎಫ್ ಜೊತೆ ಬರುವ 1995ರ ನೌಕರರ ಪಿಂಚಣಿ ಯೋಜನೆಗೆ ಹತ್ತು ವರ್ಷ ಆಗಿರಲೇಬೇಕು ಎಂಬ ನಂಬಿಕೆಯಿದೆ. ಕೆಲಸದಲ್ಲಿದ್ದಾಗಲೇ ಪೂರ್ತಿ, ಶಾಶ್ವತವಾಗಿ ಅಶಕ್ತರಾದವರಿಗೆ ಒಂದು ತಿಂಗಳ ವಂತಿಗೆ ಇದ್ದರೂ ಸಾಕು.

● ಕೇಂದ್ರ ಸರ್ಕಾರಿ ನೌಕರರಾಗಿ ಮನೆಯಲ್ಲಿ ವಿಕಲಚೇತನ ಮಗು, ಸಂಗಾತಿ, ತಂದೆ, ತಾಯಿ, ಒಡಹುಟ್ಟಿದವರನ್ನು ನೋಡಿಕೊಳ್ಳುತ್ತಿದ್ದರೆ ಆವರ್ತದ ವರ್ಗಾವಣೆಯಿಂದ ವಿನಾಯಿತಿ ಕೇಳಬಹುದು. 2014ರ ಜೂನ್ ಆದೇಶದಲ್ಲಿ ಇದು ವಿಕಲಚೇತನ ಮಗುವಿಗಷ್ಟೇ ಇತ್ತು, ಉಳಿದವರು ಸೇರಿದ್ದು 2018ರಲ್ಲಿ. ಮಕ್ಕಳ ಆರೈಕೆ ರಜೆ 730 ದಿನ, ವಿಕಲಚೇತನ ಮಗುವಾದರೆ ವಯಸ್ಸಿನ ಮಿತಿಯಿಲ್ಲ. ದುಡಿಯಲಾಗದ ವಿಕಲಚೇತನ ಮಗುವಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ. ತಂದೆತಾಯಿ ಬದುಕಿರುವಾಗಲೇ ಆ ಮಗುವಿನ ಹೆಸರನ್ನು ಪಿಂಚಣಿ ಆದೇಶದಲ್ಲಿ ಸೇರಿಸಿಡಬಹುದು. ದಯವಿಟ್ಟು ಇದನ್ನು ಮುಂದೂಡಬೇಡಿ.

● ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿಗೆ ತಂದೆತಾಯಿ ಅವರ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಪತ್ರ ಪಡೆಯಬೇಕು. ಇದೇ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಭರಿಸುತ್ತದೆ. ಸೇರಲು ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಬೇಕಿಲ್ಲ.

● ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರಲ್ಲಿ ನಿಂತುಹೋಯಿತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ಇರುವ ರಿಯಾಯಿತಿ ನಿಂತಿಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆಂದು ದೂರದ ಜಿಲ್ಲೆಗಳಿಂದ ಬೆಂಗಳೂರಿಗೆ ಬರುವವರು ಗಮನಿಸಬೇಕು.

● ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ 80ಡಿಡಿ ಸೆಕ್ಷನ್ನಿನ ವಿನಾಯಿತಿ ಅವಲಂಬಿತರ ಆರೈಕೆಗೆಂದೇ ಇತ್ತು: 75,000 ರೂಪಾಯಿ, ತೀವ್ರ ಅಂಗವೈಕಲ್ಯಕ್ಕೆ 1,25,000. ಎಷ್ಟು ಖರ್ಚಾಯಿತು ಎಂಬ ಲೆಕ್ಕ ನೋಡದೆ ಪೂರ್ತಿ ಮೊತ್ತ. ಹೊಸ ಪದ್ಧತಿಗೆ ಹೋದವರಿಗೆ ಇದಿಲ್ಲ.

● ಬ್ರಿಟನ್ನಿನಲ್ಲಿ ಆರೈಕೆದಾರರ ಭತ್ಯೆ ಶುರುವಾದದ್ದು 1976ರಲ್ಲಿ. ಅದರ ಹಿಂದಿದ್ದದ್ದು ಮದುವೆಯಾಗದೆ ಉಳಿದು ತಂದೆತಾಯಿಯನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳ ಚಳವಳಿ. ಮೇರಿ ವೆಬ್‌ಸ್ಟರ್ 1963ರಲ್ಲಿ ಪತ್ರಿಕೆಗಳಿಗೆ ಬರೆದ ಪತ್ರದಿಂದ ಅದಕ್ಕೆ ದನಿ ಬಂತು, 1965ರಲ್ಲಿ ಅಂಥವರದೇ ಒಂದು ಸಂಘವಾಯಿತು. ಆದರೆ ಮದುವೆಯಾದ ಹೆಂಗಸರಿಗೆ ಭತ್ಯೆ ಕೊಡಲಿಲ್ಲ, ಅವರು ಹೇಗೂ ಮನೆಯಲ್ಲೇ ಇರುತ್ತಾರೆ ಎಂಬ ವಾದ. ತಾಯಿಗಾಗಿ ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಯುರೋಪಿನ ನ್ಯಾಯಾಲಯದವರೆಗೆ ಹೋದರು. 1986ರ ಜೂನ್‌ನಲ್ಲಿ ಗೆದ್ದರು. ಈ ಭತ್ಯೆಗೆ ವಾರಕ್ಕೆ 35 ಗಂಟೆಯಾದರೂ ಆರೈಕೆ ಮಾಡುತ್ತಿರಬೇಕು.

ನಮ್ಮಲ್ಲೂ ಪ್ರತಿ ಊರಿನಲ್ಲಿ ಹಾಗೆ ಮದುವೆಯಾಗದೆ ಉಳಿದ ಅಕ್ಕಂದಿರಿದ್ದಾರೆ. 40ರಿಂದ 64 ವರ್ಷದ ಅವಿವಾಹಿತ, ವಿಚ್ಛೇದಿತ ಬಡ ಹೆಂಗಸರಿಗೆ ಕರ್ನಾಟಕದಲ್ಲಿ ‘ಮನಸ್ವಿನಿ’ ಯೋಜನೆಯಿದೆ, ತಿಂಗಳಿಗೆ 800 ರೂಪಾಯಿ. ತಾಯಿಯ ಪಿಂಚಣಿಗೆ ಓಡಾಡುವ ಮಗಳು ತನಗೂ ಒಂದು ಅರ್ಜಿ ಇದೆಯೆಂದು ಯೋಚಿಸಿಯೇ ಇರುವುದಿಲ್ಲ.

● ಐರ್ಲೆಂಡಿನಲ್ಲಿ ಆರೈಕೆದಾರರ ಭತ್ಯೆ 1990ರಿಂದ ಇದೆ. ಪಡೆಯುವವರು ವಾರಕ್ಕೆ 18.5 ಗಂಟೆವರೆಗೆ ಹೊರಗೆ ದುಡಿಯಬಹುದು, ಓದಬಹುದು. ಜರ್ಮನಿ 1995ರಿಂದ ಆರೈಕೆಗೆಂದೇ ವಿಮೆ ಮಾಡಿದೆ. ಮನೆಯವರೇ ನೋಡಿಕೊಂಡರೆ ಹಣ ಬರುತ್ತದೆ, ಅವರ ಹೆಸರಿನಲ್ಲಿ ನಿವೃತ್ತಿ ಪಿಂಚಣಿಗೂ ವಂತಿಗೆ ಕಟ್ಟುತ್ತದೆ. ಜಪಾನ್ 2000ದಲ್ಲಿ ಬೇರೆ ದಾರಿ ಹಿಡಿಯಿತು. ಹಣ ಕೊಟ್ಟರೆ ಸೊಸೆಯಂದಿರು ಮನೆಯಲ್ಲೇ ಕಟ್ಟಿಬೀಳುತ್ತಾರೆ ಎಂದು ಅಲ್ಲಿನ ಮಹಿಳಾ ಸಂಘಟನೆಗಳು ವಿರೋಧಿಸಿದವು. ಹಣದ ಬದಲು ಮನೆಗೆ ಸಹಾಯಕರನ್ನು ಕಳಿಸುವ ಸೇವೆಯೇ ಬಂತು. ನನ್ನ ಮಟ್ಟಿಗೆ ಎರಡೂ ಬೇಕು. ಕೈಗೆ ಹಣ, ವಾರಕ್ಕೊಂದು ದಿನವಾದರೂ ಬಿಡುವು.

● ಕೊನೆಯದು. ಈ ಅರ್ಜಿಗಳೆಲ್ಲ ನಿಂತುಹೋಗುವುದಕ್ಕೆ ಒಂದು ಸರಳ ಕಾರಣವಿದೆ: ಹಾಸಿಗೆ ಹಿಡಿದವರನ್ನು ಒಬ್ಬರನ್ನೇ ಬಿಟ್ಟು ನೋಡಿಕೊಳ್ಳುವವರು ಕಚೇರಿಯ ಸಾಲಿನಲ್ಲಿ ನಿಲ್ಲಲಾರರು. ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ ಒಂದು ಅರ್ಧ ದಿನ ರೋಗಿಯ ಬಳಿ ನೀವು ಕುಳಿತು ಅವರನ್ನು ನಾಡಕಚೇರಿಗೆ ಕಳಿಸಿ. ಇಲ್ಲವೇ ಅವರ ಕಾಗದಪತ್ರ ತೆಗೆದುಕೊಂಡು ವಿಆರ್‌ಡಬ್ಲ್ಯು ಹತ್ತಿರ ನೀವೇ ಹೋಗಿ ಕೇಳಿ, ಆರೈಕೆದಾರರ ಹೆಸರಿನಲ್ಲಿ ಏನಿದೆ ಎಂಬುದನ್ನೂ ಮರೆಯದೆ ಕೇಳಿ.